ಸೈಕಲ್ ದಾರಿ: ಬಣ್ಣವೋ, ಕಂಬವೋ, ಒಳರಸ್ತೆಯೋ?

ಬಡಾವಣೆಗಳನ್ನು ಜೋಡಿಸಲು ಎಂಥ ಸೈಕಲ್ ದಾರಿ ಬೇಕು ಅಂತ ಕೇಳಿದ್ದೀರಿ. ಬೆಂಗಳೂರನ್ನೇ ಮುಂದಿಟ್ಟುಕೊಂಡು ಹೇಳುತ್ತೇನೆ.

ಖರ್ಚಿನಲ್ಲಿ ಬಣ್ಣದ ಲೇನ್ ಅಗ್ಗ. ಡಾಂಬರಿನ ಮೇಲೆ ಪಟ್ಟೆ ಎಳೆದರೆ ಮುಗೀತು. ಆದರೆ ಬಣ್ಣ ಮಾಸುವ ಮುಂಚೆಯೇ ಅದರ ಮೇಲೆ ಕಾರು ನಿಂತಿರುತ್ತದೆ. ಪಾರ್ಕಿಂಗ್ ತಡೆಯುವವರಿಲ್ಲದ ಕಡೆ ಬಣ್ಣದ ದುಡ್ಡು ಸುಮ್ನೆ ದಂಡ.

ಸುರಕ್ಷತೆ ಮುಖ್ಯ ಅಂದರೆ ಕಂಬ ನೆಟ್ಟು ಬೇರೆ ಮಾಡಿದ ಲೇನ್. 2020ರಲ್ಲಿ ಹೊರವರ್ತುಲ ರಸ್ತೆಯಲ್ಲಿ ಹೀಗೇ ಮಾಡಿದ್ದರು. ಬಸ್ಸು, ಲಾರಿ ಜೋರಾಗಿ ಓಡುವ ರಸ್ತೆಗೆ ಇದೇ ಸರಿ. ಆದರೆ ನಿರ್ವಹಣೆ ಜಾಸ್ತಿ. ಒಂದು ಕಂಬ ಮುರಿದರೆ ಸಾಕು, ಆ ಸಂದಿಯಲ್ಲಿ ಸ್ಕೂಟರ್ ನುಗ್ಗುತ್ತದೆ. ಕಂಬಗಳ ನಡುವೆ ಕಸ, ಜಲ್ಲಿ ಸೇರಿಕೊಳ್ಳುತ್ತದೆ. ಗುಡಿಸಲು ಆಳು ಬೇಕು.

ಇನ್ನು ಒಳರಸ್ತೆ. ಜಯನಗರ, ಮಲ್ಲೇಶ್ವರದಂತೆ ಮೇನ್ ರಸ್ತೆ, ಅದಕ್ಕೆ ಅಡ್ಡಲಾಗಿ ಕ್ರಾಸ್ ರಸ್ತೆ ಅನ್ನೋ ಲೆಕ್ಕದ ಬಡಾವಣೆಗೆ ನನ್ನ ಒಲವು ಇದರತ್ತ. ಮರದ ನೆರಳಿದೆ, ವೇಗ ಕಡಿಮೆ. ಒಂದಷ್ಟು ಹಂಪು, ಫಲಕ ಹಾಕಿದರೆ ಮಕ್ಕಳೂ ಓಡಿಸಬಹುದು. ತೊಡಕು ದೊಡ್ಡ ರಸ್ತೆ ದಾಟುವಲ್ಲಿ. ಅಲ್ಲಿ ಸಿಗ್ನಲ್ ಇಲ್ಲದಿದ್ದರೆ ಜಾಲ ತುಂಡಾಯಿತು ಅಂತಲೇ ಲೆಕ್ಕ, ಅಲ್ವಾ?

ದಿನಾ ಆಫೀಸಿಗೆ ದೂರ ಹೋಗುವವರಿಗೆ ಒಳರಸ್ತೆ ಸುತ್ತುಬಳಸು. ಅವರು ಕಂಬದ ಲೇನನ್ನೇ ಕೇಳಲಿ.