ಹಿತ್ತಾಳೆಯ ಸತುವನ್ನು ಅಳೆಯಲು ಲಿಬ್ಸ್‌ನ ಮೂರು ವಿಧಾನಗಳು

ಲೇಸರ್ ಮಿಡಿತದಿಂದ ಏಳುವ ಪ್ಲಾಸ್ಮಾದ (ಅತಿ ಬಿಸಿಯಾದ, ವಿದ್ಯುದಾವೇಶ ಹೊಂದಿದ ಅನಿಲದ) ಬೆಳಕನ್ನು ನೋಡಿ ಲೋಹದಲ್ಲಿ ಯಾವ ಧಾತುಗಳಿವೆ ಎಂದು ಹೇಳುವುದು ಲಿಬ್ಸ್ (ಲೇಸರ್ ಇಂಡ್ಯೂಸ್ಡ್ ಬ್ರೇಕ್‌ಡೌನ್ ಸ್ಪೆಕ್ಟ್ರೋಸ್ಕೋಪಿ) ಎಂಬ ತಂತ್ರಕ್ಕೆ ಸುಲಭ, ಆದರೆ ಶೇಕಡಾ ಎಷ್ಟಿವೆ ಎಂದು ಹೇಳುವುದು ಬೇರೆಯೇ ಕೆಲಸ. 2023ರ ಆಗಸ್ಟ್‌ನಲ್ಲಿ ಪ್ರಜ್ಞಾನ್ ರೋವರ್, ಬೆಂಗಳೂರಿನಲ್ಲಿರುವ ಇಸ್ರೋದ ಲಿಯೋಸ್ ಪ್ರಯೋಗಾಲಯದಲ್ಲಿ ರೂಪುಗೊಂಡ ಲಿಬ್ಸ್ ಉಪಕರಣದ ನೆರವಿನಿಂದ ಚಂದ್ರನ ನೆಲದಲ್ಲಿ ಗಂಧಕವಿದೆ ಎಂದು ದೃಢಪಡಿಸಿದ್ದು ಮೊದಲನೆಯ ಬಗೆಯ ಉತ್ತರ. ಎರಡನೆಯ ಬಗೆಯ ಉತ್ತರಕ್ಕಾಗಿ ನಾನು 1064 ನ್ಯಾನೊಮೀಟರ್‌ನ ಎನ್‌ಡಿ-ಯಾಗ್ ಲೇಸರ್ ಬಳಸಿ, ಹಿತ್ತಾಳೆಯ ತುಂಡುಗಳ ಮೇಲೆ ಮೂರು ವಿಧಾನಗಳನ್ನು ಪ್ರಯೋಗಿಸಿ ನೋಡಿದೆ.

ಮೊದಲನೆಯದು ಹಳೆಯ ಕ್ಯಾಲಿಬ್ರೇಷನ್ ರೇಖೆ: ಸಂಯೋಜನೆ ಗೊತ್ತಿರುವ ಹಿತ್ತಾಳೆಗಳಲ್ಲಿ ಸತು ಮತ್ತು ತಾಮ್ರದ ರೋಹಿತರೇಖೆಗಳ (ಆಯಾ ಧಾತು ಬೀರುವ ನಿರ್ದಿಷ್ಟ ತರಂಗಾಂತರದ ಬೆಳಕಿನ) ತೀವ್ರತೆಯ ಅನುಪಾತವನ್ನು ಅಳೆದು ನಕ್ಷೆ ಬರೆಯುವುದು. ಇಲ್ಲಿ ಜೋಡಿಯ ಆಯ್ಕೆಯೇ ನಿರ್ಣಾಯಕ. ಸತುವಿನ 481.05 ನ್ಯಾನೊಮೀಟರ್ ರೇಖೆಯ ಮೇಲ್ಮಟ್ಟ (ಆ ಬೆಳಕನ್ನು ಬೀರುವ ಮುನ್ನ ಪರಮಾಣು ಇರುವ ಶಕ್ತಿಮಟ್ಟ) 6.65 ಎಲೆಕ್ಟ್ರಾನ್‌ವೋಲ್ಟ್‌ನಲ್ಲಿದೆ, ತಾಮ್ರದ 510.55ರ ಮೇಲ್ಮಟ್ಟ 3.82ರಲ್ಲಿರುವುದರಿಂದ, ಅವೆರಡನ್ನು ಜೋಡಿಸಿದರೆ ಪ್ಲಾಸ್ಮಾದ ತಾಪ ತುಸು ಬದಲಾದರೂ ಅನುಪಾತ ಅಲುಗಾಡುತ್ತದೆ. 6.19ರ ಮೇಲ್ಮಟ್ಟದಿಂದ ಬರುವ ತಾಮ್ರದ 515.32ರ ರೇಖೆಯನ್ನು ಜೊತೆಗಿಟ್ಟಾಗ ಬಿಂದುಗಳು ಕ್ಯಾಲಿಬ್ರೇಷನ್ ರೇಖೆಗೆ ಎಷ್ಟೋ ಹತ್ತಿರ ಬಂದವು.

ಎರಡನೆಯದು ಕ್ಯಾಲಿಬ್ರೇಷನ್ ಇಲ್ಲದ (ಕ್ಯಾಲಿಬ್ರೇಷನ್-ಫ್ರೀ) ಸಿಎಫ್-ಲಿಬ್ಸ್. ಇಟಲಿಯ ಪೀಸಾದ ಸಂಶೋಧಕರು 1999ರಲ್ಲಿ ಪ್ರಕಟಿಸಿದ ಈ ವಿಧಾನದಲ್ಲಿ, ರೇಖೆಗಳ ತೀವ್ರತೆಯ ಲಾಗರಿದಮ್ಮನ್ನು ಅವುಗಳ ಮೇಲ್ಮಟ್ಟದ ಶಕ್ತಿಗೆ ಎದುರಾಗಿ ಬರೆಯುವ ಬೋಲ್ಟ್ಸ್‌ಮನ್ ನಕ್ಷೆಯ ಇಳಿಜಾರಿನಿಂದ ತಾಪವೂ, ಅಕ್ಷವನ್ನು ಕತ್ತರಿಸುವ ಬಿಂದುವಿನಿಂದ ಪ್ರಮಾಣವೂ ದೊರೆಯುತ್ತವೆ. ಆಕರ್ಷಕವಾದರೂ ಹಿತ್ತಾಳೆ ಇದರ ನಂಬಿಕೆಗಳನ್ನು ಒಂದೊಂದಾಗಿ ಪರೀಕ್ಷೆಗೊಡ್ಡುತ್ತದೆ. ಸತುವಿನ 468.0, 472.2, 481.05ರ ಮೂರು ಪ್ರಬಲ ರೇಖೆಗಳೂ ಒಂದೇ ಮೇಲ್ಮಟ್ಟದಿಂದ ಹೊರಡುವುದರಿಂದ ಅವು ನಕ್ಷೆಯಲ್ಲಿ ಒಂದರ ಮೇಲೊಂದು ಕೂರುತ್ತವೆ, ಇಳಿಜಾರು ಸಿಗುವುದಿಲ್ಲ. ತಾಪವನ್ನು ತಾಮ್ರದಿಂದ ಎರವಲು ತರಬೇಕಾಯಿತು. ತಾಮ್ರದ 324.75ರ ರೇಖೆ ಸ್ವಯಂಹೀರಿಕೆಯಿಂದ (ಪ್ಲಾಸ್ಮಾ ತನ್ನದೇ ಬೆಳಕನ್ನು ಹೀರಿಕೊಳ್ಳುವುದರಿಂದ) ಕುಗ್ಗುವ ಕಾರಣ ಅದನ್ನು ಕೈಬಿಡುವುದು ಅನಿವಾರ್ಯ. ಇವೆಲ್ಲಕ್ಕಿಂತ ದೊಡ್ಡ ತೊಡಕೆಂದರೆ, ಸತು 907 ಡಿಗ್ರಿ ಸೆಲ್ಸಿಯಸ್‌ಗೇ ಕುದಿಯುವುದರಿಂದ ನ್ಯಾನೊಸೆಕೆಂಡ್ ಲೇಸರ್ ಎಬ್ಬಿಸುವ ಆವಿಯಲ್ಲಿ ಅದರ ಪಾಲು ಲೋಹದಲ್ಲಿರುವುದಕ್ಕಿಂತ ಹೆಚ್ಚಾಗಬಹುದು. ಅನುಪಾತದ ವಿಧಾನದಲ್ಲಿ ಸ್ಟ್ಯಾಂಡರ್ಡ್ (ಸಂಯೋಜನೆ ಗೊತ್ತಿರುವ) ಮಾದರಿಗೂ ಇದೇ ಪಕ್ಷಪಾತ ತಗಲುವುದರಿಂದ ಅದು ಬಹುಪಾಲು ಹೊಡೆದುಹೋಗುತ್ತದೆ. ಸಿಎಫ್‌ನಲ್ಲಿ ನೇರವಾಗಿ ಉತ್ತರಕ್ಕೇ ಇಳಿಯುತ್ತದೆ. ಮೇಲಾಗಿ ಎಲ್ಲ ಧಾತುಗಳ ಮೊತ್ತವನ್ನು ನೂರಕ್ಕೆ ಕೂಡಿಸುವ ನಿಯಮದಿಂದ ಸತು ಉಬ್ಬಿದಷ್ಟೂ ತಾಮ್ರ ಕುಗ್ಗುತ್ತದೆ. ಸೀಸದಂಥ ಅಲ್ಪಾಂಶದ ಲೆಕ್ಕವನ್ನಂತೂ ನಾನು ನಂಬಲಿಲ್ಲ.

ಮೂರನೆಯದು ಪಿಎಲ್‌ಎಸ್, ಅಂದರೆ ಇಡೀ ರೋಹಿತವನ್ನು ಏಕಕಾಲಕ್ಕೆ ಬಳಸುವ ಸಂಖ್ಯಾಶಾಸ್ತ್ರೀಯ ಮಾದರಿ. ಮಂಗಳನಲ್ಲಿರುವ ಕ್ಯೂರಿಯಾಸಿಟಿ ರೋವರ್‌ನ ಕೆಮ್‌ಕ್ಯಾಮ್ ಎಂಬ ಲಿಬ್ಸ್ ಉಪಕರಣದ ದತ್ತಾಂಶಕ್ಕೂ ಇದನ್ನು ಬಳಸಿದ್ದಾರೆ. ಆದರೆ ಅವರ ಬೆನ್ನಿಗೆ ಭೂಮಿಯಲ್ಲಿ ಅಳೆದ ನೂರಾರು ಸ್ಟ್ಯಾಂಡರ್ಡ್‌ಗಳಿವೆ. ನನ್ನ ಬಳಿಯಿದ್ದ ಕೆಲವೇ ಮಾದರಿಗಳಿಂದ ಕಟ್ಟಿದ ಪಿಎಲ್‌ಎಸ್ ಅದನ್ನು ಕಟ್ಟಲು ಬಳಸಿದ ತುಂಡುಗಳಿಗೆ ಚೆನ್ನಾಗಿ ಹೊಂದಿಕೊಂಡು, ಬಳಸದ ತುಂಡಿನಲ್ಲಿ ಸೀಸಕ್ಕೆ ಋಣ ಸಂಖ್ಯೆಯನ್ನೇ ಕೊಟ್ಟಿತು. 405.78ರ ಸೀಸದ ರೇಖೆಯೊಂದನ್ನೇ ತಾಮ್ರಕ್ಕೆ ಹೋಲಿಸಿ ಬರೆದ ಸರಳ ನಕ್ಷೆ ಅದಕ್ಕಿಂತ ವಾಸಿ.

ಹಿತ್ತಾಳೆಯೆಂದು ಗೊತ್ತಿರುವ ಮಾದರಿಗೆ ನಾನು ಈಗ ಅನುಪಾತದ ರೇಖೆಯನ್ನೇ ಬಳಸುತ್ತೇನೆ. ಸ್ಟ್ಯಾಂಡರ್ಡ್ ಇಲ್ಲದ, ಯಾವ ಮಿಶ್ರಲೋಹವೆಂದೂ ತಿಳಿಯದ ತುಂಡು ಕೈಗೆ ಬಂದಾಗ ಮಾತ್ರ, ಮೊದಲ ಅಂದಾಜಿಗೆ ಸಿಎಫ್-ಲಿಬ್ಸ್ ಮಾಡಿ, ಅದರಿಂದ ಯಾವ ಸ್ಟ್ಯಾಂಡರ್ಡ್ ತರಿಸಬೇಕೆಂದು ನಿರ್ಧರಿಸುತ್ತೇನೆ.