ಡಿವಿಡಿ ಮಾಡಿಯಾಯಿತೆಂದು ಕ್ಯಾಸೆಟ್ ಅಳಿಸಬೇಡಿ

ಬೀರುವಿನ ಮೂಲೆಯಲ್ಲಿ ವಿಡಿಯೋ ಕ್ಯಾಮೆರಾದ ಹಳೆಯ ಮಿನಿಡಿವಿ ಕ್ಯಾಸೆಟ್ಟುಗಳು ಬಿದ್ದಿದ್ದು, ಇವನ್ನೆಲ್ಲ ಒಮ್ಮೆ ಡಿವಿಡಿಗೆ ಹಾಕಿಬಿಟ್ಟರೆ ಆಯಿತು ಎಂದು ನೀವು ಯೋಚಿಸುತ್ತಿದ್ದರೆ, ಮೊದಲು ನಾನು ಮಾಡಿಕೊಂಡ ಎಡವಟ್ಟು ಕೇಳಿ. ಬೈಯಲು ಇದರಲ್ಲಿ ಬೇರೆ ಯಾರೂ ಸಿಗುವುದಿಲ್ಲ. ಎಲ್ಲ ನಾನೇ ಕೈಯಾರೆ ಮಾಡಿದ್ದು.

ನನ್ನ ಹತ್ತಿರ ಹನ್ನೊಂದು ಕ್ಯಾಸೆಟ್ ಇದ್ದವು. ಮಗಳು ತೆವಳುತ್ತಿದ್ದಾಗಿನಿಂದ ಶಾಲೆಗೆ ಸೇರುವವರೆಗಿನದು, ನಡುನಡುವೆ ನಮ್ಮಜ್ಜ. ಕ್ಯಾಮೆರಾ ಕಂಡರೆ ಅಜ್ಜ ಮುಖ ತಿರುಗಿಸುತ್ತಿದ್ದರು. ಅದು ಚಾಲೂ ಇದೆಯೆಂದು ತಿಳಿಯದಿದ್ದರೆ ಮಾತ್ರ ಮರಿಮಗಳಿಗೆ ಕಥೆ ಹೇಳುತ್ತಾ ಕೂತುಬಿಡುತ್ತಿದ್ದರು.

ಮೊದಲ ಪೆಟ್ಟು ಕೇಬಲ್ಲಿನಲ್ಲೇ ಬಿತ್ತು. ಕ್ಯಾಮೆರಾಕ್ಕೆ ಯುಎಸ್‌ಬಿ ಇತ್ತಲ್ಲ ಎಂದು ಅದನ್ನೇ ಸಿಕ್ಕಿಸಿದೆ. ಬಂದದ್ದು ಅಂಚೆಚೀಟಿಯಷ್ಟು ಅಗಲದ ಮಸುಕು ಚಿತ್ರ. ನನ್ನ ಕ್ಯಾಮೆರಾದಲ್ಲಿ ಆ ಯುಎಸ್‌ಬಿ ಇದ್ದದ್ದು ಫೋಟೋ ಇಳಿಸುವುದಕ್ಕೆ. ಟೇಪಿನಲ್ಲಿ ಇರುವುದು ಇದ್ದ ಹಾಗೇ ಬರಬೇಕಾದರೆ ಫೈರ್‌ವೈರ್ ಎಂಬ ಬೇರೆ ಕೇಬಲ್ ಬೇಕು; ಕ್ಯಾಮೆರಾದ ಮೇಲೆ ಅದಕ್ಕೆ ‘ಡಿವಿ’ ಎಂದೋ ‘ಐ.ಲಿಂಕ್’ ಎಂದೋ ಬರೆದಿರುತ್ತದೆ. ಅದರಲ್ಲಿ ಒಂದು ಗಂಟೆಯ ಟೇಪು ಇಳಿಯಲು ಒಂದು ಗಂಟೆಯೇ ಹಿಡಿಯುತ್ತದೆ, ಸುಮಾರು 13 ಜಿಬಿ ಜಾಗ ನುಂಗುತ್ತದೆ. ಕಂಪ್ಯೂಟರಿಗೆ ಹೊರಗಿನಿಂದ ಸಿಕ್ಕಿಸುವ ನನ್ನ ಹಾರ್ಡ್ ಡಿಸ್ಕ್, ಫೈಲು ಜೋಡಿಸಿಡುವ ಫ್ಯಾಟ್32 ಎಂಬ ರೀತಿಯದು. ಅದರಲ್ಲಿ ಒಂದು ಫೈಲು 4 ಜಿಬಿ ದಾಟುವಂತಿಲ್ಲ, ಹಾಗಾಗಿ 20 ನಿಮಿಷ ತುಂಬುವ ಮೊದಲೇ ಕ್ಯಾಪ್ಚರ್ (ಟೇಪಿನಿಂದ ಕಂಪ್ಯೂಟರಿಗೆ ಇಳಿಸುವುದು) ನಿಂತುಹೋಗುತ್ತಿತ್ತು. ಅದನ್ನು ಆ ಮಿತಿಯಿಲ್ಲದ ಎನ್‌ಟಿಎಫ್‌ಎಸ್‌ಗೆ ಬದಲಾಯಿಸಿದೆ. ಹನ್ನೊಂದೂ ಇಳಿದಾಗ ಡಿಸ್ಕ್ ಭರ್ತಿ. ಮುಂದಿನ ಅನಾಹುತಕ್ಕೆಲ್ಲ ಈ ಜಾಗದ ಬಡತನವೇ ನೆಪ.

ಎಡಿಟಿಂಗ್ ಶುರುವಾಯಿತು. ಹೊಸದಾಗಿ ಕತ್ತರಿ ಕೈಗೆ ಸಿಕ್ಕ ಹುಡುಗನ ಹಾಗೆ ಕಂಡದ್ದನ್ನೆಲ್ಲ ಕತ್ತರಿಸಿದೆ. ಸುಮ್ಮನೆ ಅಂಗಳ ತೋರಿಸುವ ಶಾಟು ಯಾಕೆ ಬೇಕು? ಒಳಗಿನಿಂದ ಅಮ್ಮ ಯಾರನ್ನೋ ಕೂಗುವುದು ಯಾಕೆ ಬೇಕು? ಒಂದು ದೃಶ್ಯದಿಂದ ಇನ್ನೊಂದಕ್ಕೆ ಹೋಗುವಾಗ ಪುಟ ಮಗುಚಿದಂತೆ, ಹೃದಯದ ಆಕಾರ ಬಿರಿದಂತೆ ಎಂದು ಸಾಫ್ಟ್‌ವೇರಿನಲ್ಲಿದ್ದ ಚಮತ್ಕಾರವನ್ನೆಲ್ಲ ಸುರಿದೆ. ಇವತ್ತು ನೋಡಿದರೆ ನಾಚಿಕೆಯಾಗುತ್ತದೆ, ಅದು ಹಾಗಿರಲಿ. ಕ್ಷಮಿಸಿಕೊಳ್ಳಲಾಗದ್ದು ಇನ್ನೊಂದಿದೆ. ಗಾಳಿಯ ಗೊರಗೊರ, ಪಾತ್ರೆ ಸದ್ದು ಕಿರಿಕಿರಿ ಎನಿಸಿ, ಮೂಲ ಧ್ವನಿಯನ್ನು ಮ್ಯೂಟ್ ಮಾಡಿ ಉದ್ದಕ್ಕೂ ಕೊಳಲಿನ ಸಂಗೀತ ಹಾಕಿದೆ. ಮಗಳ ತೊದಲು ಹೋಯಿತು. ಅಜ್ಜನ ಕಥೆ ಹೋಯಿತು. ಬಾಯಿ ಆಡುತ್ತದೆ, ಕೊಳಲು ಕೇಳುತ್ತದೆ.

ಆಮೇಲೆ ಬರ್ನಿಂಗ್, ಅಂದರೆ ಡಿವಿಡಿಗೆ ಬರೆಯುವುದು. ಖಾಲಿ ಡಿವಿಡಿ ಉಳಿಸುವ ಆಸೆಗೆ ಒಂದೊಂದರಲ್ಲಿ ಮೂರು ಗಂಟೆ ತುರುಕಿದೆ. ಟೇಪಿನಲ್ಲಿ ವಿಡಿಯೋ ಸೆಕೆಂಡಿಗೆ ಸುಮಾರು 25 ಮೆಗಾಬಿಟ್ ಇರುತ್ತದೆ. ಡಿವಿಡಿಯಲ್ಲಿ ವಿಡಿಯೋವನ್ನು ಕುಗ್ಗಿಸಿಡುವ ಎಂಪೆಗ್-2 ಗೆ ಗರಿಷ್ಠ ಮಿತಿಯೇ 9.8 ಮೆಗಾಬಿಟ್. 4.7 ಜಿಬಿ ಡಿಸ್ಕಿನಲ್ಲಿ ಮೂರು ಗಂಟೆ ಕೂರಿಸಿದರೆ ಸಿಗುವುದು ಮೂರು ಚಿಲ್ಲರೆ. ಸ್ಟ್ಯಾಂಡಿನ ಮೇಲೆ ಅಲುಗದೆ ತೆಗೆದ ಚಿತ್ರವಾದರೆ ಹೇಗೋ ತಡೆಯುತ್ತಿತ್ತು; ಕೈಯಲ್ಲಿ ಹಿಡಿದು ಮಗುವಿನ ಹಿಂದೆ ಓಡುತ್ತಾ ತೆಗೆದದ್ದು ಚೌಕ ಚೌಕವಾಗಿ ಒಡೆಯುತ್ತದೆ. ಒಂದು ಡಿಸ್ಕಿಗೆ ಒಂದು ಗಂಟೆ, ತಪ್ಪಿದರೆ ಒಂದೂವರೆ. ಅದಕ್ಕಿಂತ ಹೆಚ್ಚಿಗೆ ಈಗ ನಾನು ಹಾಕುವುದಿಲ್ಲ.

ಫೀಲ್ಡ್ ಆರ್ಡರ್ ಎಂಬುದೊಂದಿದೆ, ಅದನ್ನೂ ತಪ್ಪಿಸಿದ್ದೆ. ಫೀಲ್ಡ್ ಅಂದರೆ ಒಂದು ಬಿಟ್ಟು ಒಂದು ಗೆರೆಗಳಿಂದಾದ ಚಿತ್ರದ ಅರ್ಧ; ಎರಡರಲ್ಲಿ ಯಾವುದು ಮೊದಲು ಎಂಬುದೇ ಆ ಆರ್ಡರ್. ಡಿವಿ ಟೇಪಿನ ಚಿತ್ರದಲ್ಲಿ ಕೆಳಗಿನ ಫೀಲ್ಡ್ ಮೊದಲು ಬರುತ್ತದೆ, ನಾನು ಮೇಲಿನದನ್ನು ಆರಿಸಿದ್ದೆ. ಕಂಪ್ಯೂಟರಿನಲ್ಲಿ ಏನೂ ಗೊತ್ತಾಗಲಿಲ್ಲ. ಟಿವಿಗೆ ಹಾಕಿದರೆ ಮಗಳು ಓಡಿದಾಗೆಲ್ಲ ಹಿಂದಕ್ಕೂ ಮುಂದಕ್ಕೂ ನಡುಗುತ್ತಾಳೆ. ಅದನ್ನೂ ನೋಡಿದ್ದು ಎಲ್ಲ ಬರ್ನ್ ಆದ ಮೇಲೆ. ಮೊದಲು ಐದು ನಿಮಿಷದ್ದನ್ನು ಅಳಿಸಿ ಮತ್ತೆ ಬರೆಯಬಹುದಾದ ರೀರೈಟಬಲ್ ಡಿಸ್ಕಿಗೆ ಹಾಕಿ, ಟಿವಿಯಲ್ಲಿ ನೋಡಿ, ಆಮೇಲೆ ಮುಂದುವರಿಯಬೇಕಿತ್ತು.

ಇಷ್ಟಾದರೂ ಸರಿಪಡಿಸಬಹುದಿತ್ತು, ಮೂಲ ಇದ್ದಿದ್ದರೆ. ಜಾಗ ಬೇಕೆಂದು ಕ್ಯಾಪ್ಚರ್ ಮಾಡಿದ ಫೈಲುಗಳನ್ನೆಲ್ಲ ಅಳಿಸಿದೆ. ಧೈರ್ಯ ಎಲ್ಲಿಂದ ಬಂತು ಅಂದರೆ, ಪ್ರಾಜೆಕ್ಟ್ ಫೈಲನ್ನು ಜೋಪಾನವಾಗಿ ಎರಡು ಕಡೆ ಇಟ್ಟಿದ್ದೆ. ಎಡಿಟ್ ಮಾಡಿದ್ದೆಲ್ಲ ಅದರೊಳಗೇ ಇದೆ, ಬೇಕಾದಾಗ ತೆರೆದರಾಯಿತು ಎಂಬ ನಂಬಿಕೆ. ಕೆಲವು ನೂರು ಕೆಬಿಯ ಫೈಲಿನಲ್ಲಿ ನೂರು ಜಿಬಿಗೂ ಹೆಚ್ಚಿನ ವಿಡಿಯೋ ಹೇಗೆ ಹಿಡಿದೀತು ಎಂದು ಒಂದು ಕ್ಷಣವೂ ಯೋಚಿಸಲಿಲ್ಲ. ಅದರಲ್ಲಿರುವುದು ಬರೀ ವಿಳಾಸ: ಯಾವ ಫೈಲು, ಎಲ್ಲಿಂದ ಎಲ್ಲಿಯವರೆಗೆ, ಅದರ ಮೇಲೆ ಯಾವ ಹಾಡು. ಮನೆ ಕೆಡವಿ ವಿಳಾಸ ಕಾದಿಟ್ಟ ಹಾಗೆ. ದಯವಿಟ್ಟು ಈ ಒಂದು ಮಾತು ನೆನಪಿಡಿ, ಉಳಿದದ್ದು ಮರೆತರೂ ಚಿಂತೆಯಿಲ್ಲ.

ಕ್ಯಾಸೆಟ್ಟುಗಳಾದರೂ ಇದ್ದವಲ್ಲ ಎನ್ನುತ್ತೀರಿ. ಡಿವಿಡಿ ಆಯಿತಲ್ಲ ಎಂದು ಒಂದೊಂದಾಗಿ ಅವುಗಳ ಮೇಲೆಯೇ ಹೊಸದನ್ನು ರೆಕಾರ್ಡ್ ಮಾಡುತ್ತಾ ಬಂದೆ. ಟೇಪಿನ ಮೇಲೆ ಒಮ್ಮೆ ಹೊಸದು ಬಿದ್ದರೆ ಹಳೆಯದನ್ನು ವಾಪಸು ತರುವ ದಾರಿಯಿಲ್ಲ.

ಅಜ್ಜ ತೀರಿಕೊಂಡ ಮೇಲೆ ಅವರ ದನಿ ಕೇಳಬೇಕೆನಿಸಿತು. ಡಿವಿಡಿ ಹಾಕಿದೆ, ಕೊಳಲು. ಅದೂ ಪೂರ್ತಿ ಓಡಲಿಲ್ಲ, ಕೊನೆಯ ಹತ್ತು ಹದಿನೈದು ನಿಮಿಷ ಬರುವಾಗ ತಡವರಿಸಿ ನಿಂತಿತು. ಡಿವಿಡಿಯಲ್ಲಿ ಬರಹ ಒಳಗಿನಿಂದ ಹೊರಕ್ಕೆ ಸಾಗುತ್ತದೆ, ಕೊನೆಯದು ಹೊರ ಅಂಚಿಗೆ ಹತ್ತಿರ. ನಾನು ಅತಿ ವೇಗದಲ್ಲಿ ಬರ್ನ್ ಮಾಡಿದ್ದೆ, ಮೇಲೆ ಚಂದಕ್ಕೆಂದು ಕಾಗದದ ಲೇಬಲ್ ಅಂಟಿಸಿದ್ದೆ. ಅದು ಒಂದು ಕಡೆ ಸುಕ್ಕಾಗಿ ಎದ್ದಿತ್ತು. ಬರ್ನ್ ಆದ ಮೇಲೆ ಎಲ್ಲ ಸರಿಯಾಗಿ ಬಿದ್ದಿದೆಯೇ ಎಂದು ವೆರಿಫೈ ಮಾಡುವ ಗುಂಡಿ ಒತ್ತಲೂ ನನಗೆ ಆಗ ಪುರುಸೊತ್ತಿರಲಿಲ್ಲ. ಪ್ರಾಜೆಕ್ಟ್ ಫೈಲು ತೆರೆದರೆ ಪರದೆ ತುಂಬ ಕೆಂಪು, ಪ್ರತಿ ತುಣುಕಿನ ಮೇಲೂ ‘ಫೈಲ್ ಸಿಗುತ್ತಿಲ್ಲ’.

ಹನ್ನೊಂದು ಕ್ಯಾಸೆಟ್ಟನ್ನೂ ಕ್ಯಾಮೆರಾಕ್ಕೆ ಹಾಕಿ ಕೊನೆಯವರೆಗೆ ಓಡಿಸಿದೆ. ಎಂಟನೆಯದರಲ್ಲಿ, ಹೊಸ ರೆಕಾರ್ಡಿಂಗ್ ಟೇಪಿನ ತುದಿ ಮುಟ್ಟಿರಲಿಲ್ಲ. ಚಿತ್ರ ಒಂದು ಕ್ಷಣ ಚೂರು ಚೂರಾಗಿ, ಅಂಗಳ ಬಂತು. ನಾನು ಬೇಡವೆಂದು ಕತ್ತರಿಸಿದ್ದ ಅದೇ ಶಾಟು. ಒಳಗೆ ಪಾತ್ರೆ ಸದ್ದು, ಅಮ್ಮ ಕೂಗುತ್ತಾಳೆ. ಆಮೇಲೆ ಹತ್ತಿರದಿಂದ ಅಜ್ಜನ ದನಿ: “ಅದನ್ನ ಆಫ್ ಮಾಡಿದ್ದೀಯೇನೋ ಮಗಾ?” ನಾನು “ಹ್ಞೂಂ ಅಜ್ಜ” ಎಂದು ಸುಳ್ಳು ಹೇಳುತ್ತೇನೆ. ನಾಲ್ಕು ನಿಮಿಷ ಇದೆ. ಅದನ್ನು ಫೈರ್‌ವೈರಿನಲ್ಲಿ ಇಳಿಸಿ, ಏನೂ ಕತ್ತರಿಸದೆ, ಮೂರು ಡಿಸ್ಕುಗಳಲ್ಲಿ ಇಟ್ಟಿದ್ದೇನೆ. ಕ್ಯಾಸೆಟ್ಟಿನ ಬೆನ್ನಿಗೆ ಉಗುರಿನಷ್ಟು ಚಿಕ್ಕ ಗುಂಡಿಯೊಂದಿರುತ್ತದೆ, ಸರಿಸಿದರೆ ಮತ್ತೆ ಅದರ ಮೇಲೆ ರೆಕಾರ್ಡ್ ಆಗುವುದಿಲ್ಲ. ಅದನ್ನು ‘ಸೇವ್’ ಕಡೆಗೆ ಸರಿಸಿದ್ದೇನೆ.