ದಿಲ್ಲಿಯ ಥಂಡಿಯೋ, ಗದಗಿನ ಬಿಸಿಲೋ: ಎರಡೂ ಕಡೆ ಮನೆ ಮಾಡಿದವರ ಲೆಕ್ಕ

ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿ ಕಡೆಯವರಿಗೆ ದಿಲ್ಲಿ, ನೊಯ್ಡಾ, ಗುರುಗ್ರಾಮದಲ್ಲಿ ನೌಕರಿ ಸಿಕ್ಕರೆ ಪಗಾರದ ಮಾತು ಮುಗಿಯುತ್ತಿದ್ದಂತೆ ಬರುವ ಪ್ರಶ್ನೆ ಒಂದೇ: "ಅಲ್ಲಿ ಥಂಡಿ ತಡಕೊಳ್ಳಾಕ ಆಗತೈತೇನ್ರೀ?" ಅತ್ತಲಿಂದ ಇತ್ತ ಬರುವವರು ಏಪ್ರಿಲ್ ಬಿಸಿಲಿನ ಬಗ್ಗೆ ಇಷ್ಟೇ ದಿಗಿಲಿನಿಂದ ಕೇಳುತ್ತಾರೆ. ಇಲ್ಲಿ ತೂಗಿ ನೋಡಿರುವುದು ದಿಲ್ಲಿಯ ಡಿಸೆಂಬರ್ ನಡುವಿನಿಂದ ಜನವರಿ ಕೊನೆಯವರೆಗಿನ ಥಂಡಿಯನ್ನು ಮತ್ತು ಗದಗ-ಹುಬ್ಬಳ್ಳಿಯ ಮಾರ್ಚ್‌ನಿಂದ ಮೇ ತನಕದ ಬಿಸಿಲನ್ನು. ಮಂಗಳೂರು, ಚೆನ್ನೈಗಳ ಬೆವರು ಆರದ ಸೆಕೆ ಬೇರೆಯೇ ಜಾತಿ, ಅದನ್ನು ಇದರೊಳಗೆ ಬೆರೆಸಿಲ್ಲ.

ಜನವರಿಯಲ್ಲಿ ದಿಲ್ಲಿಯ ಸರಾಸರಿ ಕನಿಷ್ಠ ತಾಪಮಾನ 7ರಿಂದ 8 ಡಿಗ್ರಿ, ಗರಿಷ್ಠ 20ರ ಆಸುಪಾಸು. ಗದಗಿನಲ್ಲಿ ಏಪ್ರಿಲ್ ಮಧ್ಯಾಹ್ನ ಸುಮಾರು 37-38, ಕೆಲವು ದಿನ 40ರ ಹತ್ತಿರ. ಬೆಳಗಿನ ಜಾವಕ್ಕೆ 22-23ಕ್ಕೆ ಇಳಿಯುತ್ತದೆ. ಈ ಅಂಕಿ ನೋಡಿ ತೀರ್ಮಾನಕ್ಕೆ ಬಂದರೆ ಮೋಸ ಹೋಗುತ್ತೀರಿ. ದಿಲ್ಲಿಯ ಥಂಡಿ ಕಾಡುವುದು ಬೀದಿಯಲ್ಲಲ್ಲ, ಮನೆಯೊಳಗೆ. ಅಲ್ಲಿಯ ಮನೆಗಳನ್ನು ಮೇ-ಜೂನ್ ಬಿಸಿಲಿಗೆ ಹೆದರಿ ಕಟ್ಟಿದ್ದಾರೆ: ತೆಳು ಗೋಡೆ, ಕಲ್ಲಿನ ಇಲ್ಲವೇ ಟೈಲ್ಸ್ ನೆಲ, ಸಂದಿ ಬಿಟ್ಟ ಕಿಟಕಿ, ಬೆಚ್ಚಗಿಡುವ ಏರ್ಪಾಡು ಯಾವುದೂ ಇಲ್ಲ. ಮಂಜು ಕವಿದು ಎರಡು-ಮೂರು ದಿನ ಸೂರ್ಯ ಕಾಣದಿದ್ದರೆ ಕೋಣೆಯೊಳಗೆ ಹಗಲೂ ರಾತ್ರಿಯೂ 12-13 ಡಿಗ್ರಿಯೇ ನಿಂತುಬಿಡುತ್ತದೆ. ಹೊರಗೆ ನಡೆದಾಡಿದರೆ ಮೈ ಬಿಸಿಯಾದೀತು. ಒಳಗೆ ಕೂತು ಬರೆಯಲು ಹೋದರೆ ಬೆರಳು ಮರಗಟ್ಟುತ್ತದೆ. ಗದಗಿನದು ಇದರ ಉಲ್ಟಾ. ಮಧ್ಯಾಹ್ನ ಎರಡಕ್ಕೆ ಹೊರಗೆ ಕಾಲಿಡಲಾಗದು, ಆದರೆ ಮಾಳಿಗೆ ಸರಿಯಿದ್ದರೆ ಪಡಸಾಲೆಯಲ್ಲಿ ಫ್ಯಾನಿನ ಕೆಳಗೆ ಆರಾಮಾಗಿ ಕೆಲಸ ಸಾಗುತ್ತದೆ.

ಹಾಗಾಗಿ ಬಾಡಿಗೆ ಮನೆ ನೋಡುವಾಗ ಎರಡೂರಲ್ಲಿ ಕೇಳಬೇಕಾದ ಪ್ರಶ್ನೆಗಳೇ ಬೇರೆ. ಜನವರಿಯಲ್ಲಿ ದಿಲ್ಲಿಯ ಸೂರ್ಯ ನಡುಹಗಲಲ್ಲೂ ದಕ್ಷಿಣಕ್ಕೆ ವಾಲಿ, ಸುಮಾರು 40 ಡಿಗ್ರಿ ಎತ್ತರದಲ್ಲೇ ಸಾಗುತ್ತಾನೆ. ದಕ್ಷಿಣಕ್ಕೆ ಬಾಲ್ಕನಿ, ದೊಡ್ಡ ಕಿಟಕಿ ಇದ್ದ ಮನೆಯಲ್ಲಿ ಬಿಸಿಲು ಒಳಗಿನ ನೆಲದ ಮೇಲೆ ಬಿದ್ದು ನಾಲ್ಕೈದು ತಾಸು ಪುಕ್ಕಟೆ ಹೀಟರ್ ಆಗುತ್ತದೆ. ಉತ್ತರಕ್ಕೆ ಮುಖಮಾಡಿದ ಮನೆ ಎರಡು ಸಾವಿರ ಕಡಿಮೆಗೆ ಸಿಕ್ಕರೂ ಬೇಡ. ಉಳಿಸಿದ್ದನ್ನು ಕರೆಂಟಿಗೆ ಕಟ್ಟುತ್ತೀರಿ, ಒಗೆದ ಬಟ್ಟೆಯೂ ಮೂರು ದಿನ ಆರದೆ ಮುಗ್ಗಲು ನಾರುತ್ತದೆ. ಹುಬ್ಬಳ್ಳಿಯಲ್ಲೋ, ಮೇ ಮೊದಲ ವಾರ ಮಧ್ಯಾಹ್ನ 12 ಗಂಟೆ 25 ನಿಮಿಷದ ಹೊತ್ತಿಗೆ ಸೂರ್ಯ ನೆಟ್ಟಗೆ ನೆತ್ತಿಯ ಮೇಲೆ. ನೆಟ್ಟ ಕೋಲಿಗೆ ನೆರಳೇ ಇರುವುದಿಲ್ಲ. ಆ ಹೊತ್ತಿನ ಬಿಸಿಲನ್ನೆಲ್ಲ ತಿನ್ನುವುದು ಚಾವಣಿ. ಆದ್ದರಿಂದ ಇಲ್ಲಿ ದಿಕ್ಕಿಗಿಂತ ಮೊದಲು ಕೇಳಬೇಕಾದದ್ದು: ಮೇಲಿನ ಮಹಡಿಯೇ? ಸ್ಲ್ಯಾಬೋ, ಹೆಂಚೋ, ತಗಡೋ, ಮಣ್ಣು ಹರವಿದ ಮೇಲ್ಮುದ್ದೆಯೋ?

ಚಾವಣಿಯ ಮಾತು

ನಾಲ್ಕೈದು ಇಂಚಿನ ಆರ್‌ಸಿಸಿ ಸ್ಲ್ಯಾಬು ಹಗಲಿಡೀ ಕುಡಿದ ಕಾವನ್ನು ಸಂಜೆ ಆರರ ಮೇಲೆ ಒಳಗೆ ಕಾರತೊಡಗುತ್ತದೆ. ಹೊರಗೆ ತಂಪು ಗಾಳಿ ಬೀಸುತ್ತಿದ್ದರೂ ರಾತ್ರಿ ಹನ್ನೊಂದರವರೆಗೆ ಕೋಣೆ ಕುಲುಮೆಯಾಗಿರುವುದು ಇದಕ್ಕೇ. ಫ್ಯಾನು ಆ ಬಿಸಿಯನ್ನೇ ಕೆಳಗೆ ತಳ್ಳುತ್ತದೆ. ಇದಕ್ಕೆ ಅಗ್ಗದ, ಖಾತ್ರಿಯ ಮದ್ದು ಸುಣ್ಣ. ಶಿವರಾತ್ರಿಗೆ ಚಳಿ "ಶಿವ ಶಿವಾ" ಎನ್ನುತ್ತ ಹೋದ ವಾರವೇ ಬಳಿಯಬೇಕು. ಏಪ್ರಿಲ್‌ಗೆ ಬಿಟ್ಟರೆ ಅರ್ಧ ಬೇಸಿಗೆ ಬೆಂದು ಮುಗಿದಿರುತ್ತದೆ.

ಮೊದಲು ಮಾಳಿಗೆಯನ್ನು ಕಸ ಹೊಡೆದು, ತೊಳೆದು, ಪಾಚಿ ಕೆರೆದು ಒಣಗಿಸಿ. 5 ಕಿಲೋ ಸುಣ್ಣಕ್ಕೆ 10 ಲೀಟರ್ ನೀರು. ಸುಣ್ಣದ ಹರಳಾದರೆ ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ಅರಳಿಸಬೇಡಿ, ನೀರು ಬಿದ್ದೊಡನೆ ಕುದಿದು ಬಕೆಟ್ಟೇ ಮೆತ್ತಗಾಗುತ್ತದೆ. ಕಬ್ಬಿಣದ ಡಬ್ಬಿ ಬೇಕು, ನೀರಿಗೆ ಸುಣ್ಣ ಸ್ವಲ್ಪ ಸ್ವಲ್ಪವೇ ಬೀಳಬೇಕು, ಮುಖ ದೂರವಿರಬೇಕು. ಒಂದು ಚಿಮ್ಮಿದ ಹನಿ ಕಣ್ಣನ್ನೇ ಕಳೆದೀತು, ಕನ್ನಡಕವಿಲ್ಲದೆ ಈ ಕೆಲಸಕ್ಕೆ ಇಳಿಯಬಾರದು. ಒಂದು ರಾತ್ರಿ ನೆನೆದ ಮೇಲೆ ಸೋಸಿ, ಕಾಲು ಕಿಲೋ ಫೆವಿಕಾಲ್ ಬೆರೆಸಿದರೆ ಅಂಟು ಹಿಡಿಯುತ್ತದೆ. ಬಿಸಿಲು ಏರುವ ಮೊದಲು ಒಂದು ಕೈ, ಮರುದಿನ ಬೆಳಿಗ್ಗೆ ಅಡ್ಡಲಾಗಿ ಇನ್ನೊಂದು ಕೈ. ಕಾದ ಸ್ಲ್ಯಾಬಿನ ಮೇಲೆ ಮಧ್ಯಾಹ್ನ ಬಳಿದರೆ ನೀರು ತಟ್ಟನೆ ಆರಿ, ಸುಣ್ಣ ಹಿಡಿಯದೆ ಪುಡಿ ಪುಡಿಯಾಗಿ ಗಾಳಿಗೆ ಹಾರುತ್ತದೆ. ಸರಿಯಾಗಿ ಬಳಿದರೆ ಒಳಗೆ ಎರಡು-ಮೂರು ಡಿಗ್ರಿಯ ವ್ಯತ್ಯಾಸ ಗೊತ್ತಾಗುತ್ತದೆ. ಧೂಳು ಕೂತಷ್ಟೂ ಅದರ ಗುಣ ತಗ್ಗುತ್ತದೆ, ಹದಿನೈದು ದಿನಕ್ಕೊಮ್ಮೆ ಕಸಬರಿಗೆ ಆಡಿಸಿ. ಮಧ್ಯಾಹ್ನ ಮೂರಕ್ಕೆ ಮಾಳಿಗೆಗೆ ನೀರು ಸುರಿಯುವ ರೂಢಿ ಬಿಡಬೇಕು: ನೀರು ದಂಡ, ಕಾದ ಕಾಂಕ್ರೀಟಿಗೆ ಸಣ್ಣ ಬಿರುಕೂ ಬರುತ್ತದೆ. ಸುರಿಯಲೇಬೇಕೆಂದರೆ ಸೂರ್ಯ ಮುಳುಗಿದ ಮೇಲೆ.

ಗದಗ, ರೋಣ, ನರಗುಂದದ ಹಳೆಯ ಮೇಲ್ಮುದ್ದೆ ಮನೆಗೆ ಇದಾವುದೂ ಬೇಡ. ತೊಲೆ, ಜಂತಿಯ ಮೇಲೆ ಹರವಿದ ಅಡಿಗಟ್ಟಲೆ ಮಣ್ಣು ಕಾವನ್ನು ಒಳಗೆ ಬಿಟ್ಟುಕೊಡುವಷ್ಟರಲ್ಲಿ ರಾತ್ರಿಯೇ ಆಗಿರುತ್ತದೆ, ಆಗ ಬಾಗಿಲು, ಬೆಳಕಿಂಡಿ ತೆರೆದರೆ ಮುಗಿಯಿತು. ಮಳೆಗಾಲಕ್ಕೆ ಮುಂಚೆ ಮೇಲೆ ಮಣ್ಣು ಹಾಕಿಸುವ ತಾಪತ್ರಯವಿದೆ ನಿಜ. ಆದರೂ ಬೇಸಿಗೆಗೆ ಇದಕ್ಕಿಂತ ಒಳ್ಳೆಯ ಮನೆಯನ್ನು ನಾವು ಎಲ್ಲೂ ಕಂಡಿಲ್ಲ. ಅವನ್ನು ಕೆಡವಿ ಸ್ಲ್ಯಾಬು ಹಾಕಿಸಿ, ಮೇಲೆ ಏಸಿ ಕೂಡಿಸುವುದನ್ನು ನೋಡಿದರೆ ಸಂಕಟವಾಗುತ್ತದೆ.

ಕೂಲರ್ ಬಗ್ಗೆ ಒಂದು ಮಾತು. ನಮ್ಮ ಕಡೆಯ ಒಣ ಬಿಸಿಲಿಗೆ ಅದು ಹೇಳಿಮಾಡಿಸಿದ್ದು. ಗಾಳಿ 40 ಡಿಗ್ರಿ ಕಾದು, ತೇವಾಂಶ ಶೇ. 20 ಇದ್ದರೆ ಒಳ್ಳೆಯ ಪ್ಯಾಡಿನ ಕೂಲರ್ 26ರ ಹತ್ತಿರದ ಗಾಳಿ ಕೊಡುತ್ತದೆ. 36 ಡಿಗ್ರಿಗೆ ತೇವಾಂಶ ಶೇ. 50 ಆದರೆ 29ಕ್ಕಿಂತ ಹೆಚ್ಚು ಇಳಿಸಲು ಅದಕ್ಕಾಗದು. ಜೂನ್‌ನಲ್ಲಿ ಮುಂಗಾರು ಹಿಡಿದ ಮೇಲೆ ಅದು ಬರೀ ಫ್ಯಾನು. ಎಲ್ಲರೂ ಮಾಡುವ ತಪ್ಪು, ಏಸಿಯಂತೆ ಕಿಟಕಿ ಮುಚ್ಚಿಕೊಂಡು ಕೂಡುವುದು. ತೇವದ ಗಾಳಿ ಹೊರಹೋಗಲು ಎದುರಿನ ಕಿಟಕಿ ಒಂದು ಗೇಣಾದರೂ ತೆರೆದಿರಬೇಕು, ಇಲ್ಲದಿದ್ದರೆ ಅರ್ಧ ತಾಸಿಗೆ ಹಾಸಿಗೆಯೂ ಅಂಟಂಟಾಗುತ್ತದೆ. ಕರೆಂಟು 200 ವಾಟ್‌ನ ಒಳಗೇ. ನೀರೇ ತೊಂದರೆ: ಮಧ್ಯಮ ಗಾತ್ರದ್ದು ಕೂಡ ಮಧ್ಯಾಹ್ನದಲ್ಲಿ ತಾಸಿಗೆ ಎಂಟು-ಹತ್ತು ಲೀಟರ್ ಕುಡಿಯುತ್ತದೆ. ನಳದ ನೀರು ನಾಲ್ಕಾರು ದಿನಕ್ಕೊಮ್ಮೆ ಬರುವ ಓಣಿಯಲ್ಲಿ ಇದನ್ನು ಲೆಕ್ಕ ಹಾಕಿಯೇ ಕೊಳ್ಳಬೇಕು. ಬೋರಿನ ಗಡಸು ನೀರು ಹಾಕಿದರೆ ಪ್ಯಾಡಿಗೆ ಬಿಳಿ ಉಪ್ಪು ಕಟ್ಟಿ ಗಾಳಿ ನಿಲ್ಲುತ್ತದೆ. ವಾರಕ್ಕೊಮ್ಮೆ ಟ್ಯಾಂಕು ಪೂರಾ ಖಾಲಿಮಾಡಿ ಒರೆಸಿ; ಡೆಂಗಿ ಸೊಳ್ಳೆ ಮೊಟ್ಟೆಯಿಂದ ರೆಕ್ಕೆ ಬರುವುದಕ್ಕೆ ಏಳೆಂಟು ದಿನ ಸಾಕು.

ಕೌದಿಯೋ ರಜಾಯಿಯೋ

ಥಂಡಿಯ ಕಡೆ ಬಂದರೆ, ಊರಿಂದ ಒಯ್ದ ಕೌದಿಯೊಂದೇ ದಿಲ್ಲಿಗೆ ಸಾಲದು. ಹಳೆ ಸೀರೆಗಳ ಪದರುಗಳನ್ನು ಒತ್ತೊತ್ತಾಗಿ ಹೊಲಿದ ಕೌದಿಯಲ್ಲಿ ತೂಕವಿದೆ, ನಡುವೆ ಗಾಳಿಯಿಲ್ಲ. ಮೈಕಾವನ್ನು ಹಿಡಿದಿಡುವುದು ಹತ್ತಿಯೊಳಗೆ ನಿಂತ ಗಾಳಿ. ಎರಡೂವರೆ ಕಿಲೋ ಹಿಂಜಿದ ಹತ್ತಿಯ ರಜಾಯಿ ಒಬ್ಬರಿಗೆ ಸಾಕು. ಕೌದಿಯನ್ನು ಬಿಸಾಡಬೇಕಿಲ್ಲ, ಅದರ ಜಾಗ ಕೆಳಗೆ. ಗಾದಿಯ ಮೇಲೆ ಹಾಸಿದರೆ ಬೆನ್ನಿಗೆ ತಗಲುವ ಥಂಡಿ ನಿಲ್ಲುತ್ತದೆ. ರಜಾಯಿಯ ಮೇಲೆ ಹೊದ್ದರೆ ಅದರ ಭಾರಕ್ಕೆ ಹತ್ತಿ ಒತ್ತಿ ಹೋಗಿ ಇದ್ದ ಬೆಚ್ಚಗೂ ಕಡಿಮೆಯಾಗುತ್ತದೆ. ರಜಾಯಿಯನ್ನು ನೀರಿಗೆ ಹಾಕಬಾರದು, ಹತ್ತಿ ಗಂಟುಕಟ್ಟುತ್ತದೆ. ಬಿಸಿಲಿಗೆ ಹಾಕಿ, ಎರಡು-ಮೂರು ವರ್ಷಕ್ಕೊಮ್ಮೆ ನಮ್ಮ ಪಿಂಜಾರರಂತೆ ಅಲ್ಲಿಯೂ ಹತ್ತಿ ಹಿಂಜುವವರಿಂದ ಹಿಂಜಿಸಬೇಕು.

ಮೈಮೇಲೆ ಒಂದೇ ದಪ್ಪ ಸ್ವೆಟರಿಗಿಂತ ಮೂರು ತೆಳು ಪದರು ಮೇಲು: ಒಳಗೆ ಮೈಗಂಟುವ ಥರ್ಮಲ್, ನಡುವೆ ಉಣ್ಣೆ, ಹೊರಗೆ ಗಾಳಿ ತಡೆಯುವ ಜಾಕೀಟು. ಒಳಗಿನದು ಹತ್ತಿ ಬನಿಯನ್ ಆಗಿದ್ದರೆ ಮೆಟ್ರೋದಲ್ಲಿ ಬೆವತು, ಹೊರಗೆ ಬಂದೊಡನೆ ಅದೇ ತೇವ ಮೈ ಕೊರೆಯುತ್ತದೆ.

ಹೀಟರ್ 2000 ವಾಟಿನದಾದರೆ ಸುಮಾರು 9 ಆಂಪಿಯರ್ ಎಳೆಯುತ್ತದೆ. ಅದನ್ನು 6 ಆಂಪಿಯರ್‌ನ ಸಣ್ಣ ಪಿನ್ನಿಗೋ ಎಕ್ಸ್‌ಟೆನ್ಶನ್ ಬೋರ್ಡಿಗೋ ಚುಚ್ಚಿದರೆ ಪ್ಲಾಸ್ಟಿಕ್ ಸುಟ್ಟ ವಾಸನೆ ಬರಲು ತಡವಾಗದು. 16 ಆಂಪಿಯರ್ ಸಾಕೆಟ್ಟೇ ಬೇಕು. ಮೂರು ತಾಸಿಗೆ 6 ಯೂನಿಟ್. ಹೊರಗಿನ 8 ಡಿಗ್ರಿಯ ಮಂಜಿನ ಗಾಳಿಯನ್ನು ಒಳಗೆ 22ಕ್ಕೆ ಕಾಯಿಸಿದರೆ ಅದರ ತೇವಾಂಶ ಶೇ. 90ರಿಂದ 37ರ ಹತ್ತಿರಕ್ಕೆ ಬೀಳುತ್ತದೆ. ತುಟಿ, ಹಿಮ್ಮಡಿ ಒಡೆಯುವುದು, ಮೂಗು ಉರಿಯುವುದು ಇದರಿಂದಲೇ. ಕೋಣೆಯಲ್ಲೊಂದು ಅಗಲ ಪಾತ್ರೆಯಲ್ಲಿ ನೀರಿಡಿ. ಮುಚ್ಚಿದ ಕೋಣೆಯಲ್ಲಿ ಇದ್ದಿಲ ಅಗ್ಗಿಷ್ಟಿಕೆಯನ್ನು ಮಾತ್ರ ಎಂದೂ ಹಚ್ಚಬೇಡಿ. ಕಾರ್ಬನ್ ಮೊನಾಕ್ಸೈಡಿಗೆ ವಾಸನೆಯಿಲ್ಲ, ಮಲಗಿದವರು ಏಳುವುದಿಲ್ಲ. ಕಿಟಕಿಯಿಲ್ಲದ ಬಚ್ಚಲಿನ ಗ್ಯಾಸ್ ಗೀಸರಿನದೂ ಇದೇ ಅಪಾಯ.

ಅಡಿಗೆಮನೆ

ಗದಗಿನ ಏಪ್ರಿಲ್‌ನಲ್ಲಿ ಲೀಟರ್ ಹಾಲಿಗೆ ಅರ್ಧ ಚಮಚ ಹೆಪ್ಪು ಹಾಕಿದರೆ ನಾಲ್ಕು ತಾಸಿಗೆ ಮೊಸರು, ಏಳನೆಯ ತಾಸಿಗೆ ಹುಳಿ. ದಿಲ್ಲಿಯ ಜನವರಿಯಲ್ಲಿ ಹಾಲು ಬೆರಳಿಗೆ ಚುರುಕೆನ್ನುವಷ್ಟು ಬಿಸಿ ಇರಬೇಕು, ಎರಡು ಚಮಚ ಹೆಪ್ಪು, ಪಾತ್ರೆಗೆ ಶಾಲು ಸುತ್ತಿ ಹಿಟ್ಟಿನ ಡಬ್ಬಿಯೊಳಗೆ ಇಡಬೇಕು. ಆಗಲೂ ಹತ್ತು-ಹನ್ನೆರಡು ತಾಸು. ನಡುವೆ ತೆರೆದು ನೋಡಿದರೆ ನೀರೊಡೆಯುತ್ತದೆ. ಕೊಬ್ಬರಿ ಎಣ್ಣೆ 24 ಡಿಗ್ರಿಯ ಕೆಳಗೆ ಗಟ್ಟಿಯಾಗುವುದರಿಂದ ಅಲ್ಲಿ ಚಳಿಗಾಲವಿಡೀ ಬಿಳಿ ಗಡ್ಡೆ.

ಹೆಚ್ಚು ಬೇಜಾರು ಮಾಡುವುದು ಖಡಕ್ ರೊಟ್ಟಿ. ಊರಲ್ಲಿ ಬುಟ್ಟಿಯಲ್ಲಿ ಬಟ್ಟೆ ಮುಚ್ಚಿಟ್ಟರೆ ಬೇಸಿಗೆಯಲ್ಲಿ ತಿಂಗಳು ಕಳೆದರೂ ಮುರಿದರೆ ಟಕ್ ಎನ್ನುತ್ತದೆ. ದಿಲ್ಲಿಯ ಮಂಜಿನಲ್ಲಿ ಬೆಳಿಗ್ಗೆ ತೆರೆದಿಟ್ಟದ್ದು ಸಂಜೆಗೆ ಚರ್ಮದಂತೆ ಬಾಗುತ್ತದೆ. ಬಿಗಿ ಮುಚ್ಚಳದ ಡಬ್ಬಿ ಬೇಕು, ತಿನ್ನುವ ಮುಂಚೆ ಹಂಚಿನ ಮೇಲೆ ಸಣ್ಣ ಉರಿಯಲ್ಲಿ ಎರಡೂ ಬದಿ ಒಂದು ನಿಮಿಷ ಕಾಯಿಸಿದರೆ ಮತ್ತೆ ಖಡಕ್.

ಆರಿಸುವುದಾದರೆ

ನಿದ್ದೆಗೆ, ಹಸಿವಿಗೆ, ತರಕಾರಿಗೆ ದಿಲ್ಲಿಯ ಥಂಡಿ ಮೇಲು. ಅಲ್ಲಿಯ ಕೆಂಪು ಗಜ್ಜರಿ, ಹಸಿ ಬಟಾಣಿ, ಮೆಂತೆ ಸೊಪ್ಪಿನ ರುಚಿಗೆ ಸಾಟಿಯಿಲ್ಲ. ಆದರೆ ಅದೇ ತಿಂಗಳುಗಳಲ್ಲಿ ತಂಪು ಗಾಳಿ ನೆಲಕ್ಕಂಟಿ ನಿಂತು, ಹೊಗೆ-ಧೂಳು ಮೇಲೇರದೆ ಉಸಿರಾಟಕ್ಕೆ ಕುತ್ತಾಗುತ್ತದೆ. ಉಬ್ಬಸ, ಎದೆಯ ಕಾಯಿಲೆ ಇರುವ ಹಿರಿಯರನ್ನು ನವೆಂಬರ್‌ನಿಂದ ಜನವರಿವರೆಗೆ ಅಲ್ಲಿಗೆ ಕರೆದೊಯ್ಯಬಾರದು ಎಂಬುದು ನಮ್ಮ ಸ್ಪಷ್ಟ ಅಭಿಪ್ರಾಯ. ಇನ್ನೊಂದು: ಆ ಥಂಡಿ ಒಂಟಿಯಾಗಿ ಸಿಗುವುದಿಲ್ಲ, ಜೊತೆಗೆ ಮೇ-ಜೂನ್‌ನ 44-45 ಡಿಗ್ರಿಯ ಲೂ ಗಾಳಿಯೂ ಬರುತ್ತದೆ. ಗದಗಿನ ಬಿಸಿಲಿಗೆ ಏಪ್ರಿಲ್-ಮೇದ ಅಡ್ಡಮಳೆ ಆಗಾಗ ತಡೆಹಾಕುತ್ತದೆ, ರಾತ್ರಿ ಬಯಲು ಗಾಳಿ ಬರುತ್ತದೆ. ಮನೆಯ ನೆತ್ತಿ ಬೆಳ್ಳಗಿದ್ದು, ಹರವಿಯಲ್ಲಿ ನೀರು, ಮಧ್ಯಾಹ್ನಕ್ಕೆ ಉಪ್ಪು ಹಾಕಿದ ಮಜ್ಜಿಗೆ ಇದ್ದರೆ ನಮ್ಮ ಆಯ್ಕೆ ಗದಗಿನ ಬಿಸಿಲೇ. ಹೊಲದಲ್ಲಿ, ಕಟ್ಟಡದ ಮೇಲೆ ದುಡಿಯುವವರಿಗೆ ಈ ಮಾತು ಅನ್ವಯಿಸದು. ಅವರಿಗೆ ಹನ್ನೆರಡರಿಂದ ಮೂರೂವರೆ ತನಕ ಕೆಲಸ ನಿಲ್ಲಿಸುವುದೊಂದೇ ದಾರಿ. ಬಿಸಿಲಲ್ಲಿ ಯಾರಾದರೂ ತಡಬಡಿಸಿ ಮಾತಾಡತೊಡಗಿದರೆ, ಮೈ ಸುಡುತ್ತಿದ್ದರೆ, ಕೂಡಲೇ ನೆರಳಿಗೆ ಎಳೆದು ಮೈತುಂಬ ನೀರು ಹೊಯ್ದು ಗಾಳಿ ಬೀಸಿ, ಜೊತೆಜೊತೆಗೇ ಆಂಬುಲೆನ್ಸಿಗೆ ಫೋನು ಮಾಡಿ.

ಜನವರಿಯಲ್ಲೇ ದಿಲ್ಲಿಗೆ ಹೊರಡಬೇಕಾಗಿ ಬಂದವರು ಥರ್ಮಲ್ ಎರಡು ಜೊತೆ, ಉಣ್ಣೆ ಕಾಲುಚೀಲ, ಕಿವಿ ಮುಚ್ಚುವ ಟೋಪಿ, ಇಷ್ಟನ್ನು ಕೈಚೀಲದಲ್ಲೇ ಇಟ್ಟುಕೊಳ್ಳಿ, ದೊಡ್ಡ ಬ್ಯಾಗಿನ ತಳದಲ್ಲಲ್ಲ. ಸಂಪರ್ಕ ಕ್ರಾಂತಿ ಹುಬ್ಬಳ್ಳಿ ಬಿಡುವಾಗ ಅಂಗಿಯ ಮೇಲೇ ಹಾಯಾಗಿ ಕೂತಿರುತ್ತೀರಿ. ಆಗ್ರಾ ದಾಟಿ ಮಂಜಿನಲ್ಲಿ ಗಾಡಿ ನಿಂತಾಗ ಅವೇ ಬೇಕಾಗುತ್ತವೆ. ಕೆಲಸಕ್ಕೆ ಹಾಜರಾಗುವ ದಿನಕ್ಕೂ ಗಾಡಿ ಮುಟ್ಟುವ ದಿನಕ್ಕೂ ನಡುವೆ ಒಂದು ಪೂರ್ತಿ ದಿನ ಬಿಟ್ಟುಕೊಂಡೇ ಟಿಕೆಟ್ ತೆಗೆಸಿ.